ಸಹಾಯ ಬೇಕು: ವಿಧಿವಿಜ್ಞಾನದ ಸ್ನಾತಕೋತ್ತರ ಓದಿಗೆ ಯಾವ ವಿಭಾಗ?

ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ ವಿಧಿವಿಜ್ಞಾನದ ಸ್ನಾತಕೋತ್ತರ ಕೋರ್ಸಿಗೆ ಸೇರಲು ಸಿದ್ಧತೆ ನಡೆಸಿದ್ದೇನೆ. ವಿಷವಿಜ್ಞಾನವೋ ಡಿಎನ್‌ಎ ವಿಭಾಗವೋ ಎಂಬಲ್ಲಿಗೆ ಬಂದು ನಿಂತಿದ್ದೇನೆ. ಮನಸ್ಸು ವಾಲುತ್ತಿರುವುದು ವಿಷವಿಜ್ಞಾನದ ಕಡೆಗೇ. ಸಾವಿನ ನಂತರ ಕೆಲವು ಔಷಧಗಳು ಅಂಗಾಂಗಗಳಿಂದ ಹೃದಯದ ರಕ್ತಕ್ಕೆ ಮರಳಿ ಸೇರಿ ಪ್ರಮಾಣವನ್ನು ಹೆಚ್ಚಿಸಿ ತೋರಿಸುತ್ತವೆ, ಆದ್ದರಿಂದ ತೊಡೆಯ ರಕ್ತನಾಳದ ಮಾದರಿಯನ್ನೇ ಹೆಚ್ಚು ನೆಚ್ಚುತ್ತಾರೆ ಎಂದು ಓದಿದಾಗಿನಿಂದ ಅದರ ಗುಂಗು ಬಿಟ್ಟಿಲ್ಲ. ಒಂದು ಸಂಖ್ಯೆಯನ್ನು ತಪ್ಪಾಗಿ ಅರ್ಥೈಸಿದರೆ ನಿರಪರಾಧಿ ಜೈಲು ಸೇರಬಹುದಲ್ಲ!

ಈ ಕೋರ್ಸ್ ಓದಿದವರು ದಯವಿಟ್ಟು ತಿಳಿಸಿ: ಮಾದರಿಯಲ್ಲಿರುವ ರಾಸಾಯನಿಕಗಳನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ನಂತಹ ಉಪಕರಣಗಳನ್ನು ವಿದ್ಯಾರ್ಥಿಗಳ ಕೈಗೇ ಕೊಡುತ್ತಾರೆಯೇ, ದೂರದಿಂದ ತೋರಿಸಿ ಮುಗಿಸುತ್ತಾರೆಯೇ? ಅಣಕು ನ್ಯಾಯಾಲಯದಲ್ಲಿ ಪಾಟೀಸವಾಲು ಎದುರಿಸುವ ಅಭ್ಯಾಸ ಮಾಡಿಸುತ್ತಾರೆಯೇ? ಸೇರುವ ಮುನ್ನ ಸಂಖ್ಯಾಶಾಸ್ತ್ರವನ್ನು ಎಷ್ಟರಮಟ್ಟಿಗೆ ಗಟ್ಟಿ ಮಾಡಿಕೊಳ್ಳಬೇಕು?