ಕ್ರಿ.ಶ. 100ರ ಅಲೆಕ್ಸಾಂಡ್ರಿಯಾಕ್ಕೆ ಹೋದರೆ ಮೊದಲು ಯಾವುದಕ್ಕೆ ಕೈಹಾಕಬೇಕು: ಉಗಿಯಂತ್ರಕ್ಕೋ, ಅಚ್ಚುಕೂಟಕ್ಕೋ?

ಗಡಿಯಾರದ_ಮುಳ್ಳು:
ಟ್ರಾಜನ್ ಚಕ್ರವರ್ತಿಯ ಕಾಲ, ಊರು ಅಲೆಕ್ಸಾಂಡ್ರಿಯಾ. ನಮ್ಮ ಕಾಲದ ಒಂದು ಮೊಳೆಯನ್ನೂ ಒಯ್ಯುವಂತಿಲ್ಲ, ತಲೆಯಲ್ಲಿ ಇದ್ದದ್ದಷ್ಟೇ ಬಂಡವಾಳ. ಗ್ರೀಕ್ ಭಾಷೆ ಬರುತ್ತದೆ, ಐದಾರು ಕಸುಬುದಾರರಿಗೆ ಎರಡು ವರ್ಷ ಕೂಲಿ ಕೊಡುವಷ್ಟು ಹಣವಿದೆ ಎಂದುಕೊಳ್ಳೋಣ. ಉಗಿಯಿಂದ ತಿರುಗುವ ಗೋಳವನ್ನು ಹೀರೋನ್ ಎಂಬ ಗ್ರೀಕ್ ಯಂತ್ರಕಾರ ಅದೇ ಊರಿನಲ್ಲಿ ಆಗಲೇ ವಿವರಿಸಿದ್ದಾನೆ. ಅದನ್ನೇ ಬೆಳೆಸಿ ಯಂತ್ರ ಮಾಡಬಹುದೇ? ಅಥವಾ ಕಾಗದ, ಅಚ್ಚು ಮೊದಲೇ? ಯಾವ ಹಂತದಲ್ಲಿ ಯಾವುದು ಕೈಕೊಡುತ್ತದೆ ಎಂಬುದನ್ನು ಬಿಡಿಸಿ ಹೇಳಿ.

ಕಬ್ಬಿಣದಂಗಡಿ:
ಹೀರೋನನ ಗೋಳವನ್ನು ಮರೆತುಬಿಡಿ. ಗೋಳ ತಿರುಗುವ ಕೀಲಿನಲ್ಲಿ ಉಗಿ ಸೋರುತ್ತದೆ, ಸೋರದಂತೆ ಬಿಗಿಮಾಡಿದರೆ ತಿಕ್ಕಾಟಕ್ಕೆ ಗೋಳವೇ ನಿಲ್ಲುತ್ತದೆ. ಹೊರೆ ಎಳೆಯುವ ಬಲ ಅದರಲ್ಲಿಲ್ಲ. ಹಿಡಿಯಬೇಕಾದ ದಾರಿ ಕ್ಟೆಸಿಬಿಯಸ್ ಎಂಬ ಹಳೆಯ ಗ್ರೀಕ್ ಯಂತ್ರಕಾರನ ನೀರೆತ್ತುವ ಪಂಪಿನದು. ಅದೂ ಅಲೆಕ್ಸಾಂಡ್ರಿಯಾದ್ದೇ, ಅದರಲ್ಲಿ ಕಂಚಿನ ಸಿಲಿಂಡರ್, ಪಿಸ್ಟನ್, ಕವಾಟ ಮೂರೂ ಇವೆ.

ಅಲ್ಲಿಂದ 1712ರಲ್ಲಿ ಇಂಗ್ಲೆಂಡಿನ ನ್ಯೂಕಮೆನ್ ಕಟ್ಟಿದ ಉಗಿಯಂತ್ರಕ್ಕೆ ಜಿಗಿಯಬಹುದು. ಅದರ ಹಿತ್ತಾಳೆ ಸಿಲಿಂಡರ್ ಸುಮಾರು 53 ಸೆಂ.ಮೀ. ಅಗಲ, 2.4 ಮೀ. ಎತ್ತರ. ಅದರಲ್ಲಿ ಉಗಿ ತುಂಬಿ ತಣ್ಣೀರು ಚಿಮ್ಮಿಸಿದರೆ ಒಳಗೆ ನಿರ್ವಾತವಾಗುತ್ತದೆ, ಹೊರಗಿನ ಗಾಳಿ ಪಿಸ್ಟನ್ನನ್ನು ಕೆಳಗೆ ಒತ್ತುತ್ತದೆ. ಪೂರ್ಣ ನಿರ್ವಾತವಾದರೆ ಆ ಅಗಲಕ್ಕೆ ಸುಮಾರು 2.3 ಟನ್ ಬಲ. ಅದರ ಅರ್ಧ ಸಿಕ್ಕರೂ ಚೆನ್ನಾಗಿ ನಡೆಯಿತೆಂದೇ ಲೆಕ್ಕ. ಉಗಿಯ ಒತ್ತಡ ಗಾಳಿಯಷ್ಟೇ ಇರುವುದರಿಂದ ಕುದಿಪಾತ್ರೆಗೆ ತಾಮ್ರದ ತಳ, ಸೀಸದ ಮುಚ್ಚಳ ಸಾಕು. ಸಿಲಿಂಡರಿನ ಒಳಮೈ ಕನ್ನಡಿಯಂತೆ ಇರಬೇಕಿಲ್ಲ. ಪಿಸ್ಟನ್ ಸುತ್ತ ಚರ್ಮದ ಬಿಲ್ಲೆ ಕಟ್ಟಿ ಮೇಲೆ ಒಂದಿಷ್ಟು ನೀರು ನಿಲ್ಲಿಸಿದರೆ ಸಂದು ಮುಚ್ಚುತ್ತದೆ.

ಹೆಚ್ಚಿನವರು ಎಡವುವುದು ಗಾಳಿಯ ವಿಷಯದಲ್ಲಿ. ಕುದಿಯುವ ನೀರಿನಿಂದ ಉಗಿಯ ಜೊತೆ ಗಾಳಿಯೂ ಬಿಡುಗಡೆಯಾಗುತ್ತದೆ, ತಣಿಸಿದರೆ ಅದು ನೀರಾಗುವುದಿಲ್ಲ. ಕೆಲವೇ ಏಟುಗಳಲ್ಲಿ ಸಿಲಿಂಡರ್ ತುಂಬ ಗಾಳಿ ಸೇರಿ ಯಂತ್ರ ನಿಲ್ಲುತ್ತದೆ. ಅದನ್ನು ಹೊರಗೆ ಊದಲು ಕೆಳಭಾಗದಲ್ಲೊಂದು ಚಿಕ್ಕ ಕವಾಟ ಬೇಕೇ ಬೇಕು. ಹೆಚ್ಚು ಒತ್ತಡದ ಉಗಿಗಂತೂ ಆಸೆಪಡಬೇಡಿ: 10 ವಾಯುಭಾರದ ಉಗಿಯ ಬಿಸಿ 180 ಡಿಗ್ರಿ ಸೆಲ್ಸಿಯಸ್, ಸೀಸ-ತವರದ ಬೆಸುಗೆ ಕರಗತೊಡಗುವುದು 183ಕ್ಕೆ.

ಇಷ್ಟೆಲ್ಲ ಸರಿಹೋದರೂ ಸೌದೆಯ ಪ್ರಶ್ನೆ ಉಳಿಯುತ್ತದೆ. ಉರಿಸಿದ ಶಾಖದಲ್ಲಿ ಈ ಯಂತ್ರ ಕೆಲಸಕ್ಕೆ ತಿರುಗಿಸುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಇಂಗ್ಲೆಂಡಿನಲ್ಲಿ ಅದು ಬದುಕಿದ್ದು ಕಲ್ಲಿದ್ದಲ ಗಣಿಯ ಬಾಯಲ್ಲೇ ಕೂತಿದ್ದರಿಂದ. ಈಜಿಪ್ಟಿನಲ್ಲಿ ಕಾಡೂ ಇಲ್ಲ, ಕಲ್ಲಿದ್ದಲೂ ಇಲ್ಲ. ಉಗಿಯೇ ಬೇಕೆಂದರೆ ರೋಮನ್ ಬ್ರಿಟನ್ನಿಗೆ ಹೋಗಿ, ಅಲ್ಲಿ ಕಲ್ಲಿದ್ದಲು ಉರಿಸುತ್ತಿದ್ದರು.

ಮೊಳೆಜೋಡಕ:
ಅಲೆಕ್ಸಾಂಡ್ರಿಯಾದಲ್ಲಿ ಅಚ್ಚು ಆಗುತ್ತದೆ, ಅಲ್ಲೇ ಸುಲಭವಾಗಿ ಆಗುತ್ತದೆ. ಬೇಕಾದ ಕಸುಬುಗಳೆಲ್ಲ ಬೇರೆಬೇರೆ ಬೀದಿಗಳಲ್ಲಿ ಆಗಲೇ ಇವೆ, ಯಾರೂ ಕೂಡಿಸಿಲ್ಲ ಅಷ್ಟೆ.

ಮೊದಲು ಕಾಗದ. ಹಳೆಯ ನಾರುಬಟ್ಟೆ ಮತ್ತು ಹರಿದ ಹಡಗಿನ ಪಟಗಳನ್ನು ಒದ್ದೆಮಾಡಿ ರಾಶಿಹಾಕಿ ಒಂದೂವರೆ-ಎರಡು ತಿಂಗಳು ಕೊಳೆಸಿ, ಸುಣ್ಣದ ನೀರಿನಲ್ಲಿ ತೊಳೆದು, ಒನಕೆಯಲ್ಲಿ ಕುಟ್ಟಿ. ಕುಟ್ಟುವುದರಲ್ಲಿ ಜಿಪುಣತನ ಮಾಡಿದರೆ ಹಾಳೆ ಗಂಟುಗಂಟಾಗಿ ಕೈಯಲ್ಲೇ ಬಿಡಿಸಿಕೊಳ್ಳುತ್ತದೆ. ನೂರು ಲೀಟರ್ ನೀರಿಗೆ ಅರ್ಧದಿಂದ ಒಂದು ಕಿಲೋ ನಾರು, ಅದಕ್ಕಿಂತ ಮಂದವಾದರೆ ಹಾಳೆ ಸಮನಾಗಿ ಹರಡುವುದಿಲ್ಲ. ಜಾಲರಿಗೆ ಜೊಂಡಿನ ಸೀಳುಗಳನ್ನು ಕುದುರೆಕೂದಲಿನಿಂದ ಹೆಣೆದರಾಯಿತು. ಎತ್ತಿದ ಹಾಳೆಯನ್ನು ಉಣ್ಣೆಯ ಕಂಬಳಿಯ ಮೇಲೆ ಮಗುಚಿ, ತಿರುಪಿನ ಒತ್ತುಗದಲ್ಲಿ ನೀರು ಹಿಂಡಿ, ಗೋಡೆಗೆ ಅಂಟಿಸಿ ಒಣಗಿಸಿ. ಆ ಒತ್ತುಗವನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ: ದ್ರಾಕ್ಷಿ, ಆಲಿವ್ ಹಿಂಡಲು ತಿರುಪಿನ ಒತ್ತುಗ ಬಳಸುತ್ತಿದ್ದರೆಂದು ರೋಮನ್ ಲೇಖಕ ಪ್ಲಿನಿಯೇ ಬರೆದಿದ್ದಾನೆ.

ಅಚ್ಚುಮೊಳೆಗೆ ಟಂಕಸಾಲೆಯ ಕೆತ್ತನೆಗಾರನನ್ನು ಹಿಡಿಯಿರಿ. ಅಕ್ಷರವನ್ನು ತಿರುಗುಮುರುಗಾಗಿ ಕೆತ್ತುವುದು ಅವನ ದಿನದ ಕೆಲಸ. ಉಕ್ಕಿನ ತುದಿಯಲ್ಲಿ ಅಕ್ಷರ ಕೆತ್ತಿ, ಹದಕೊಟ್ಟು, ತಾಮ್ರದ ತುಂಡಿಗೆ ಹೊಡೆದರೆ ಅಚ್ಚಿನ ಗುಳಿ ಸಿಗುತ್ತದೆ. ಎಲ್ಲ ಗುಳಿಗಳ ಆಳವೂ ಒಂದೇ ಇರಬೇಕು. ಮೊಳೆಯ ಎತ್ತರ ಕೂದಲೆಳೆಯಷ್ಟು ಕಮ್ಮಿಯಾದರೂ ಆ ಅಕ್ಷರ ಮೂಡುವುದಿಲ್ಲ. ಎರಕದ ಪೆಟ್ಟಿಗೆಯನ್ನು ಅಕ್ಷರದ ಅಗಲಕ್ಕೆ ತಕ್ಕಂತೆ ಸರಿಸುವಂತೆ, ಒಂದರೊಳಗೊಂದು ಕೂರುವ ಎರಡು ಮೂಲೆಗಟ್ಟುಗಳಾಗಿ ಮಾಡಿಸಿ. ಲೋಹ ಸುರಿದ ಕೂಡಲೇ ಪೆಟ್ಟಿಗೆಯನ್ನು ಮೇಲಕ್ಕೊಮ್ಮೆ ಜಾಡಿಸಬೇಕು, ಇಲ್ಲವಾದರೆ ಮೂಲೆಗಳು ತುಂಬುವುದಿಲ್ಲ. ಪೆಟ್ಟಿಗೆ ಬಿಸಿಯೇರುವ ತನಕ ಬರುವ ಮೊದಲ ಹತ್ತಿಪ್ಪತ್ತು ಮೊಳೆ ಮಸುಕಾಗಿರುತ್ತವೆ, ಮತ್ತೆ ಕರಗಿಸಿ.

ಲೋಹ: ಸೀಸ 80, ಆಂಟಿಮನಿ 15, ತವರ 5 ಪಾಲು. ಬರೀ ಸೀಸ ಒತ್ತುಗದಡಿ ಚಪ್ಪಟೆಯಾಗುತ್ತದೆ. ಆಂಟಿಮನಿ ಸಿಗುವುದು ಕಣ್ಣಿಗೆ ಹಚ್ಚುವ ಅಂಜನದ ಕಲ್ಲಿನಲ್ಲಿ. ಆದರೆ ಅಂಗಡಿಯವನು ಅದೇ ಬಣ್ಣದ ಸೀಸದ ಅದಿರನ್ನೂ ಅಂಜನವೆಂದೇ ಕೊಡುತ್ತಾನೆ. ಒಂದು ಚೂರನ್ನು ದೀಪದ ಜ್ವಾಲೆಗೆ ಹಿಡಿಯಿರಿ: ಆಂಟಿಮನಿ ಅದಿರು ಕರಗುತ್ತದೆ, ಸೀಸದ್ದು ಕರಗುವುದಿಲ್ಲ. ಎರಡು ಪಾಲು ಅದಿರಿಗೆ ಒಂದು ಪಾಲು ಕಬ್ಬಿಣದ ಚೂರು ಸೇರಿಸಿ ಮೂಸೆಯಲ್ಲಿ ಕೆಂಪಗೆ ಕಾಯಿಸಿದರೆ ಗಂಧಕ ಕಬ್ಬಿಣಕ್ಕೆ ಅಂಟಿ ಆಂಟಿಮನಿ ತಳಕ್ಕಿಳಿಯುತ್ತದೆ. ಹೊಗೆ ವಿಷ, ಬಯಲಲ್ಲೇ ಮಾಡಿ.

ಗ್ರೀಕ್‌ಗೆ 24 ದೊಡ್ಡಕ್ಷರ ಸಾಕು, ಚಿಕ್ಕಕ್ಷರ ಇನ್ನೂ ಹುಟ್ಟಿಲ್ಲ. ನಮ್ಮ ಕಾಗುಣಿತ, ಒತ್ತಕ್ಷರಗಳಿಗೆ ನೂರಾರು ಮೊಳೆ ಎರೆಯಬೇಕಾದ ಪಾಡು ಅಲ್ಲಿಲ್ಲ. ಸಾಲಿಗೆ 40 ಅಕ್ಷರ, ಪುಟಕ್ಕೆ 30 ಸಾಲು ಎಂದರೆ 1,200 ಮೊಳೆ. ಎರಡು ಪುಟ ಕಟ್ಟಲು, ಮೇಲೆ ಹೆಚ್ಚುವರಿಗೆ, ಒಟ್ಟು 5,000 ಇಟ್ಟುಕೊಳ್ಳಿ. 25 ಕಿಲೋದಷ್ಟು ಲೋಹದಲ್ಲಿ ಮುಗಿಯುತ್ತದೆ.

ಗಡಿಯಾರದ_ಮುಳ್ಳು:
ಎರಡು ಅನುಮಾನ. ರೋಮನ್ನರು ಉಡುತ್ತಿದ್ದದ್ದು ಹೆಚ್ಚಾಗಿ ಉಣ್ಣೆ, ಅದರ ಚಿಂದಿ ಆಗದೇ? ಶಾಯಿಯಂತೂ ಅಲ್ಲಿ ಇದ್ದೇ ಇತ್ತಲ್ಲ?

ಮೊಳೆಜೋಡಕ:
ಉಣ್ಣೆ ಖಂಡಿತ ಆಗದು. ಅದು ಕೂದಲು; ಗಿಡದ ನಾರಿನ ಹಾಗೆ ನೀರಾರಿದಾಗ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ರೋಮ್ ಬಿಟ್ಟು ಈಜಿಪ್ಟ್ ಹಿಡಿಯಬೇಕಾದದ್ದು ಇದಕ್ಕೇ: ಅದು ಅಗಸೆನಾರಿನ ನಾಡು.

ಶಾಯಿಯಲ್ಲೇ ಹೆಚ್ಚಿನ ಲೆಕ್ಕಾಚಾರ ಮುಗ್ಗರಿಸುವುದು. ಅವರದು ಮಸಿಗೆ ಗೋಂದು, ನೀರು ಕಲಸಿದ್ದು. ಲೋಹದ ಮೇಲೆ ಅದು ಹನಿಹನಿಯಾಗಿ ಜಾರುತ್ತದೆ. ಎಣ್ಣೆಯ ಶಾಯಿ ಬೇಕು, ಅದೂ ಅಗಸೆಯಿಂದಲೇ. ಅಗಸೆ ಎಣ್ಣೆಯನ್ನು ಎರಡು ಬೆರಳ ನಡುವೆ ಎಳೆ ಬರುವಷ್ಟು ಕಾಯಿಸಿ, ಎಂಟು ಪಾಲು ಎಣ್ಣೆಗೆ ಒಂದು ಪಾಲು ದೀಪದ ಮಸಿ ಅರೆಯಿರಿ. ಎಣ್ಣೆ ಹೊತ್ತಿಕೊಳ್ಳುತ್ತದೆ, ಮುಚ್ಚಳ ಕೈಗೆಟಕುವಂತಿರಲಿ, ನೀರು ಸುರಿಯಲೇಬೇಡಿ. ಕಾಯಿಸಿದ್ದು ಕಡಿಮೆಯಾದರೆ ಅಕ್ಷರದ ಸುತ್ತ ಹಳದಿ ಜಿಡ್ಡು ಹರಡುತ್ತದೆ.

ಗಿರಾಕಿ ಇದ್ದಾರೆಯೇ ಎಂದರೆ, ಟೈಬೀರಿಯಸ್ ಚಕ್ರವರ್ತಿಯ ಕಾಲದಲ್ಲಿ ಪಪೈರಸ್ (ಜೊಂಡಿನಿಂದ ಮಾಡಿದ ಬರೆಯುವ ಹಾಳೆ) ಅಭಾವವಾಗಿ ಹಂಚಿಕೆಗೆ ಸೆನೆಟ್ ಜನರನ್ನು ನೇಮಿಸಬೇಕಾಯಿತು. ಇನ್ನು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಪಪೈರಸ್ ಮೇಲೆ ಸಿಕ್ಕ ಗ್ರೀಕ್ ಪ್ರಹಸನವನ್ನೇ ನೋಡಿ. ಅದರಲ್ಲಿ ಕನ್ನಡದ ಮಾತುಗಳಿವೆ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಷ್ ಹೇಳಿದರು, ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಹೋಲಿಸಿ ನೋಡಲು ಇನ್ನೊಂದು ಪ್ರತಿ ಉಳಿದಿಲ್ಲ. ಇನ್ನೂರು ಪ್ರತಿ ಅಚ್ಚಾಗಿದ್ದಿದ್ದರೆ ಎಂದು ಮನಸ್ಸು ಹಂಬಲಿಸುತ್ತದೆ.

ಗಂಜಿನೀರು:
ಅಚ್ಚುಕೂಟ ಎದ್ದರೆ ಮೊದಲು ಕಾವ್ಯ ಅಚ್ಚಿಸಬೇಡಿ, ಒಂದು ಪುಟದ ಭೇದಿಯ ಚಿಕಿತ್ಸೆ ಅಚ್ಚಿಸಿ. ಭೇದಿಯಲ್ಲಿ ಮಕ್ಕಳು ಸಾಯುವುದು ಮೈಯ ನೀರು, ಉಪ್ಪು ಬತ್ತಿ. ಅಲ್ಲಿ ಸಕ್ಕರೆ ಸಿಗದು, ಬಾರ್ಲಿ ಗಂಜಿ ಮನೆಮನೆಯಲ್ಲಿದೆ. ಒಂದು ಲೀಟರ್ ನೀರಿಗೆ 50 ಗ್ರಾಂ ಹಿಟ್ಟು ಹಾಕಿ ಚೆನ್ನಾಗಿ ಬೇಯಿಸಿ, ಆರಿದ ಮೇಲೆ 3 ಗ್ರಾಂ ಉಪ್ಪು. ಪಿಷ್ಟ ಕರುಳಲ್ಲಿ ಗ್ಲೂಕೋಸಾಗಿ ಒಡೆದು, ಉಪ್ಪನ್ನೂ ನೀರನ್ನೂ ತನ್ನ ಜೊತೆ ಒಳಗೆಳೆದುಕೊಳ್ಳುತ್ತದೆ.

ಅಳತೆ ತಪ್ಪುವುದೇ ಅಪಾಯ. ಉಪ್ಪು ಹೆಚ್ಚಾದರೆ ಮಗುವಿಗೆ ಕೇಡು, ಆದ್ದರಿಂದ ತೂಕದ ಜೊತೆ "ಕಣ್ಣೀರಿಗಿಂತ ಉಪ್ಪಾಗಬಾರದು" ಎಂದೂ ಅಚ್ಚಿಸಿ. ಚಮಚ ಚಮಚವಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ಆ ಊರಲ್ಲಿ ಬೇಸಿಗೆಗೆ ಗಂಜಿ ಅರ್ಧ ದಿನದಲ್ಲೇ ಹುಳಿಯುತ್ತದೆ, ಬೆಳಿಗ್ಗೆಯದನ್ನು ಸಂಜೆಗೆ ಚೆಲ್ಲಿ ಹೊಸದು ಬೇಯಿಸಿ. ಬೇಯಿಸುವ ಪಾತ್ರೆ ಮಣ್ಣಿನದಿರಲಿ, ಸೀಸದ್ದು ಬೇಡ.