ಸೂಟ್ ಹಾಕಿದರೆ ಜನ ಯಾಕೆ ಹಾಗೆ ನೋಡ್ತಾರೆ?

ಪ್ರಶ್ನೆ: ನನಗೆ ಸೂಟ್, ಟೈ, ವೇಸ್ಟ್‌ಕೋಟ್ ಅಂದರೆ ಇಷ್ಟ. ಆಫೀಸಲ್ಲಿ ಕಡ್ಡಾಯ ಅಂತಲ್ಲ, ಸುಮ್ನೆ ಹಾಕುತ್ತೇನೆ. ಬಸ್ಸು ಹತ್ತಿದರೆ ಸಾಕು, ‘ಯಾರ ಮದುವೆ?’, ‘ಇಂಟರ್‌ವ್ಯೂನಾ?’ ಅಂತ ಶುರು. ಮೊನ್ನೆ ಅಂಗಡಿಯಲ್ಲಿ ಒಬ್ಬರು ನನ್ನನ್ನೇ ಮ್ಯಾನೇಜರ್ ಅಂದುಕೊಂಡು, ಬಿಲ್ ತಪ್ಪಾಗಿದೆ ಅಂತ ಜಗಳಕ್ಕೇ ನಿಂತರು. ನಿಮಗೂ ಹೀಗಾಗುತ್ತಾ?

ಉತ್ತರ 1: ಆಗುತ್ತೆ. ‘ಇಷ್ಟ, ಅದಕ್ಕೆ’ ಅಂದುಬಿಡಿ. ಕಾರಣ ಕೊಡೋಕೆ ಹೋದರೆ ಇನ್ನೂ ನಾಲ್ಕು ಪ್ರಶ್ನೆ ಬರುತ್ತವೆ.

ಉತ್ತರ 2: ನೋಡುವವರು ನಾವಂದುಕೊಂಡಷ್ಟು ಇರಲ್ಲ. 2000ರಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರದ ಟೀ ಶರ್ಟ್ ಹಾಕಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದ್ದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಆ ಶರ್ಟ್ ಹಾಕಿದವರ ಅಂದಾಜು, ನಿಜವಾಗಿ ಗಮನಿಸಿದ್ದು ಹೆಚ್ಚುಕಮ್ಮಿ ಕಾಲು ಭಾಗ.

ಉತ್ತರ 3: ಅದು ಟೀ ಶರ್ಟ್ ಮಾತಾಯ್ತು, ಸೂಟ್ ಕಣ್ಣಿಗೆ ಬಿದ್ದೇ ಬೀಳುತ್ತೆ ಅಲ್ವಾ! ಫಿಟಿಂಗ್ ನೋಡಿಕೊಳ್ಳಿ. ಭುಜದ ಹೊಲಿಗೆ ಭುಜದ ತುದಿಯಲ್ಲೇ ನಿಲ್ಲಬೇಕು, ಕೋಟಿನ ತೋಳಿಂದ ಶರ್ಟಿನ ಕಫ್ ಒಂದು ಸೆಂಟಿಮೀಟರ್‌ನಷ್ಟು ಕಾಣಬೇಕು, ಕೋಟಿನ ಕೆಳಗಿನ ಗುಂಡಿ ಬಿಚ್ಚಿರಬೇಕು. ಜೋತುಬಿದ್ದ ಕೋಟು ಕಂಡರೆ ಜನಕ್ಕೆ ಬಾಡಿಗೆಯದೇನೋ ಅನ್ನೋ ಅನುಮಾನ. ಟೈ ಬಿಟ್ಟರೂ ಪ್ರಶ್ನೆ ಎಷ್ಟೋ ಕಮ್ಮಿ.

ಪ್ರಶ್ನೆ ಕೇಳಿದವರು: ಟೈ ಮಾತ್ರ ಬಿಡಲ್ಲ ಮಾರಾಯ್ರೆ.