ದೊಡ್ಡ ಪ್ರಸ್ತಾವನೆಯ ವಿನ್ಯಾಸ: ಅನುಭವಸ್ಥರು ತಿಳಿಸಿ

ಪ್ರಶ್ನೆ: ಮೂವರು ಸಹೋದ್ಯೋಗಿಗಳು ಬರೆದ ಭಾಗಗಳನ್ನು ಒಂದೇ ವರ್ಡ್ ಕಡತಕ್ಕೆ ಸೇರಿಸಿದ್ದೇನೆ. ಶೀರ್ಷಿಕೆಗಳ ಗಾತ್ರ, ಸಾಲುಗಳ ಅಂತರ ಎಲ್ಲವೂ ಏರುಪೇರಾಗಿವೆ. ಗ್ರಾಹಕರಿಗೆ ಕಳುಹಿಸುವ ಮೊದಲು ಇದನ್ನು ಒಪ್ಪವಾಗಿಸುವುದು ಹೇಗೆ?

ಟೆಂಡರ್ ವಿಭಾಗದವರು: ನಮ್ಮ ಹಿಂದಿನ ಕಚೇರಿಯಲ್ಲಿ ಹಿರಿಯರೊಬ್ಬರು ಶೀರ್ಷಿಕೆ, ಪ್ಯಾರಾಗಳಿಗೆಂದು ವರ್ಡ್‌ನಲ್ಲಿರುವ ಸಿದ್ಧ ವಿನ್ಯಾಸಗಳಾದ ಸ್ಟೈಲ್‌ಗಳನ್ನು ಮುಟ್ಟುತ್ತಲೇ ಇರಲಿಲ್ಲ, ಅಕ್ಷರವನ್ನು ದಪ್ಪಗೊಳಿಸಿ, ಗಾತ್ರ ಹೆಚ್ಚಿಸಿ, ಪರಿವಿಡಿಯನ್ನು ಚುಕ್ಕೆ ಒತ್ತಿ ಒತ್ತಿ ಕೈಯಾರೆ ಕಟ್ಟುತ್ತಿದ್ದರು. ಗಡುವಿನ ಹಿಂದಿನ ಸಂಜೆ ಎರಡನೆಯ ಅಧ್ಯಾಯಕ್ಕೆ ಒಂದು ಕೋಷ್ಟಕ ಸೇರಿತು. ಮುಂದಿನ ಪುಟಗಳೆಲ್ಲ ಸರಿದವು, ಪರಿವಿಡಿ ಮಾತ್ರ ಹಳೆಯ ಸಂಖ್ಯೆಗಳನ್ನೇ ಹಿಡಿದು ಕೂತಿತ್ತು. ಬೈಂಡ್ ಆಗಿದ್ದ ಪ್ರತಿಗಳನ್ನೆಲ್ಲ ಬಿಚ್ಚಿ, ಬಣ್ಣದ ಪುಟಗಳನ್ನು ಮತ್ತೆ ಮುದ್ರಿಸಿ, ಹೊಸ ರಟ್ಟು ಹಾಕಿಸಿದ ಖರ್ಚು ನಮ್ಮ ವಿಭಾಗದ ತಲೆಗೇ ಬಂತು. ಹೆಡಿಂಗ್ 1, 2, 3 ಸ್ಟೈಲ್‌ಗಳಿದ್ದರೆ ಪರಿವಿಡಿ ತಾನಾಗಿ ಮೂಡುತ್ತದೆ, ಎಫ್9 ಒತ್ತಿದರೆ ಹೊಸದಾಗುತ್ತದೆ. ಇದನ್ನು ಪಾಲಿಸದವರಿಗೆ ದಾಖಲೆ ಸಿದ್ಧಪಡಿಸುವ ಕೆಲಸವನ್ನೇ ಕೊಡಬಾರದು.

ವಾರ್ಷಿಕ ವರದಿ ಮಾಡುವವರು: ಸ್ಟೈಲ್‌ನ ಉಪದೇಶ ಸಾಕು ಸ್ವಾಮಿ. ನಮ್ಮಲ್ಲಿ ಸ್ಟೈಲ್‌ಗಳೆಲ್ಲ ಸರಿಯಾಗಿಯೇ ಇದ್ದವು. ನನ್ನ ರಾತ್ರಿಯ ನಿದ್ದೆ ಹೋದದ್ದು ಕಡತವನ್ನು ಬೇರೆ ಬೇರೆ ಪುಟವಿನ್ಯಾಸದ ಭಾಗಗಳಾಗಿ ಒಡೆಯುವ ಗುರುತಾದ ಸೆಕ್ಷನ್ ಬ್ರೇಕ್‌ನಿಂದ. ಅಗಲವಾದ ಕೋಷ್ಟಕಕ್ಕಾಗಿ ನಡುವಿನ ಒಂದು ಪುಟವನ್ನು ಅಡ್ಡಕ್ಕೆ ತಿರುಗಿಸಿದ್ದೆವು. ಯಾರೋ ಅದರ ಹಿಂದಿನ ಬ್ರೇಕನ್ನು ಅಳಿಸಿದ್ದೇ ತಡ, ಅಧ್ಯಾಯದ ಮೊದಲ ಪುಟದಿಂದ ಎಲ್ಲವೂ ಅಡ್ಡವಾದವು, ಏಕೆಂದರೆ ಒಂದು ಸೆಕ್ಷನ್ನಿನ ಮಾರ್ಜಿನ್, ಪುಟದ ದಿಕ್ಕು, ಫೂಟರ್ ಎಲ್ಲವೂ ಅದರ ಕೊನೆಯಲ್ಲಿರುವ ಬ್ರೇಕ್‌ನಲ್ಲೇ ಅಡಗಿರುತ್ತವೆ. ಕಂಟ್ರೋಲ್, ಶಿಫ್ಟ್, 8 ಒತ್ತಿ ಅಡಗಿದ ಗುರುತುಗಳನ್ನು ಕಾಣುವಂತೆ ಮಾಡಿಕೊಳ್ಳದೆ ನಾನೀಗ ಏನನ್ನೂ ಅಳಿಸುವುದಿಲ್ಲ.

ಲಿಬ್ರೆ ಆಫೀಸ್ (ವರ್ಡ್ ಬದಲಿಗೆ ಬಳಸುವ ಉಚಿತ ತಂತ್ರಾಂಶ) ಬಳಕೆದಾರ: ಇಬ್ಬರೂ ಫಾಂಟ್‌ನ ವಿಷಯವನ್ನೇ ಮರೆತಿದ್ದೀರಿ. ಕ್ಯಾಲಿಬ್ರಿ ಫಾಂಟ್ ಇಲ್ಲದ ಗಣಕದಲ್ಲಿ ಅದರ ಬದಲು ಕಾರ್ಲಿಟೊ ಫಾಂಟ್ ಬಂದರೆ ಅಕ್ಷರಗಳ ಅಗಲ ಒಂದೇ ಆದ್ದರಿಂದ ಸಾಲುಗಳು ಹೆಚ್ಚು ಕದಲುವುದಿಲ್ಲ. ನಮ್ಮ ಸಂಸ್ಥೆ ಹಣ ಕೊಟ್ಟು ತಂದ ವಿಶೇಷ ಫಾಂಟ್ ಮಾತ್ರ ಗ್ರಾಹಕರ ಗಣಕದಲ್ಲಿ ಇರಲಿಲ್ಲ; ಸಹಿಯ ಜಾಗವೊಂದೇ ಎರಡನೆಯ ಪುಟಕ್ಕೆ ಜಾರಿ, ಪತ್ರ ಅನಾಥವಾಗಿ ಕಂಡಿತು. ಪಿಡಿಎಫ್ ಕಳುಹಿಸಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಟೆಂಡರ್ ವಿಭಾಗದವರು: ತಿದ್ದುಪಡಿ ಮಾಡಲು ಮೂಲ ಕಡತವೇ ಬೇಕೆನ್ನುವ ಗ್ರಾಹಕರಿಗೆ ಪಿಡಿಎಫ್ ಕೊಟ್ಟು ನೋಡಿ, ಆಮೇಲೆ ಮಾತನಾಡೋಣ.

ಲಿಬ್ರೆ ಆಫೀಸ್ ಬಳಕೆದಾರ: ಫಾಂಟನ್ನು ಕಡತದೊಳಗೇ ಅಡಕ ಮಾಡುವ ಆಯ್ಕೆ ವರ್ಡ್‌ನಲ್ಲೂ ಇದೆ, ಫಾಂಟ್‌ನ ಪರವಾನಗಿ ಒಪ್ಪಬೇಕು ಅಷ್ಟೆ. ಅಷ್ಟು ವರ್ಷ ಟೆಂಡರ್ ಬರೆದವರಿಗೆ ಇದು ತಿಳಿದಿರಬಹುದೆಂದುಕೊಂಡಿದ್ದೆ.

ಕರಡು ತಿದ್ದುವವರು: ಪ್ರಶ್ನೆ ಕೇಳಿದವರ ಗತಿ ಏನು? ಅಂಟಿಸುವಾಗ ಗುರಿಕಡತದ, ಅಂದರೆ ಯಾವುದಕ್ಕೆ ಅಂಟಿಸುತ್ತೀರೋ ಆ ಕಡತದ, ಸ್ಟೈಲ್ ಬಳಸುವ ಆಯ್ಕೆ ಆರಿಸಬೇಕಿತ್ತು. ಈಗ ಕೈಯಿಂದ ಮಾಡಿದ ವಿನ್ಯಾಸ ಕಳಚಲು ಪ್ಯಾರಾಗಳಿಗೆ ಕಂಟ್ರೋಲ್ ಕ್ಯೂ, ಅಕ್ಷರಗಳಿಗೆ ಕಂಟ್ರೋಲ್ ಸ್ಪೇಸ್ ಒತ್ತಿ.

ವಾರ್ಷಿಕ ವರದಿ ಮಾಡುವವರು: ಇಡೀ ಕಡತವನ್ನು ಆಯ್ದು ಕಂಟ್ರೋಲ್ ಸ್ಪೇಸ್ ಒತ್ತಿದರೆ, ಬೇಕೆಂದೇ ದಪ್ಪ ಮಾಡಿದ ಷರತ್ತುಗಳೂ ಸಪಾಟಾಗುತ್ತವೆ. ಕರಡು ತಿದ್ದುವವರು ಅದನ್ನೂ ಹೇಳಬೇಕಲ್ಲವೇ?

ಕರಡು ತಿದ್ದುವವರು: ಇಡೀ ಕಡತವನ್ನು ಆಯ್ದುಕೊಳ್ಳಿ ಎಂದು ನಾನೆಲ್ಲಿ ಬರೆದೆ? ಒತ್ತು ಕೊಡಬೇಕಾದ ಪದಗಳಿಗೆ ಸ್ಟ್ರಾಂಗ್ ಎಂಬ ಅಕ್ಷರ ಸ್ಟೈಲ್ ಇದ್ದಿದ್ದರೆ ನಿಮ್ಮ ಷರತ್ತುಗಳನ್ನು ಮೊದಲೇ ಹುಡುಕಿಕೊಳ್ಳುವುದಾದರೂ ಸುಲಭವಾಗುತ್ತಿತ್ತು.